ನಿಂತುಹೋದ ಬಸ್ಸು, ಎಣಿಕೆಗೆ ಸಿಗದ ಪ್ರಯಾಣಿಕರು

(ಕೊಪ್ಪದಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಪರಿಸರದ ಮಾತು ಬಂದಾಗಲೆಲ್ಲ ಕಾಡು, ನದಿ, ಗಣಿ, ಅಣೆಕಟ್ಟುಗಳ ಪ್ರಸ್ತಾಪವಾಗುತ್ತದೆ. ರಸ್ತೆಯ ಪ್ರಸ್ತಾಪವೂ ಆಗುತ್ತದೆ, ಆದರೆ ಅಗಲೀಕರಣಕ್ಕಾಗಿ ಮರ ಉರುಳುವ ಹೊತ್ತಿನಲ್ಲಿ ಮಾತ್ರ. ಆ ರಸ್ತೆಯ ಮೇಲೆ ಯಾರು ಓಡಾಡುತ್ತಾರೆ, ಯಾರು ಓಡಾಡಲಾರದೆ ಮನೆಯಲ್ಲಿಯೇ ಉಳಿಯುತ್ತಾರೆ, ಒಂದು ಲೀಟರ್ ಡೀಸೆಲ್ಲಿನಲ್ಲಿ ಎಷ್ಟು ಜನ ಎಷ್ಟು ದೂರ ಸಾಗುತ್ತಾರೆ ಎಂಬ ಪ್ರಶ್ನೆಗಳು ಪರಿಸರ ಚಳವಳಿಯ ಸಭೆಗಳಲ್ಲಿ ಏಳುವುದು ಅಪರೂಪ. ಸುಸ್ಥಿರ ಸಾರಿಗೆ ಎಂಬ ಮಾತು ಮಹಾನಗರಗಳ ಮೆಟ್ರೊ ಮತ್ತು ಸೈಕಲ್ ಪಥಗಳಿಗೆ ಮೀಸಲಾದಂತಿದೆ. ಭಾರತೀಯ ವಿಜ್ಞಾನ ಸಂಸ್ಥೆ ಈ ವಿಷಯಕ್ಕೆಂದೇ 2009ರಲ್ಲಿ ತೆರೆದ ಕೇಂದ್ರದ ಹೆಸರಿನಲ್ಲಿಯೇ ನಗರ ಯೋಜನೆ ಎಂಬ ಪದ ಸೇರಿಕೊಂಡಿದೆ. 2006ರ ರಾಷ್ಟ್ರೀಯ ಸಾರಿಗೆ ನೀತಿ, ವಾಹನಗಳನ್ನಲ್ಲ, ಜನರನ್ನು ಸಾಗಿಸುವುದೇ ಗುರಿ ಎಂಬ ಒಳ್ಳೆಯ ತತ್ತ್ವವನ್ನು ಮುಂದಿಟ್ಟಿತು. ಆದರೆ ಅದು ನಗರ ಸಾರಿಗೆ ನೀತಿ. ಗುಡ್ಡಕ್ಕೊಂದು ಮನೆ, ಹಳ್ಳಕ್ಕೊಂದು ಸಂಕ ಇರುವ ಸೀಮೆಯ ಜನರನ್ನು ಸಾಗಿಸುವುದು ಹೇಗೆಂದು ಅದು ಹೇಳಲಿಲ್ಲ.

ಹಾಗಿದ್ದರೂ ಈ ಚರ್ಚೆಗೆ ಕೊಪ್ಪಕ್ಕಿಂತ ತಕ್ಕ ಊರು ಕರ್ನಾಟಕದಲ್ಲಿ ಇನ್ನೊಂದು ಸಿಗಲಾರದು. ಬಸ್ಸಿನ ಚಾಲಕರು, ನಿರ್ವಾಹಕರು, ಮೆಕ್ಯಾನಿಕ್ಕುಗಳು ತಾವೇ ಒಡೆಯರಾಗಿ ಮೂರು ತಾಲ್ಲೂಕುಗಳನ್ನೂ ಅವುಗಳಾಚೆಯ ಊರುಗಳನ್ನೂ ಬೆಸೆದ ಸಹಕಾರ ಸಾರಿಗೆ ಹುಟ್ಟಿದ್ದು ಇಲ್ಲಿಯೇ, ನಿಂತದ್ದೂ ಇಲ್ಲಿಯೇ. 1991ರಿಂದ 2020ರವರೆಗೆ ನಡೆದ ಅದು ಒಂದು ಅರ್ಥದಲ್ಲಿ ಇಪ್ಪತ್ತೊಂಬತ್ತು ವರ್ಷಗಳ ಪ್ರಯೋಗ. ಯಾವ ವಿಶ್ವವಿದ್ಯಾಲಯವೂ ಕಟ್ಟಲಾಗದಷ್ಟು ದೊಡ್ಡ ಪ್ರಯೋಗಶಾಲೆ ಬಸ್‌ನಿಲ್ದಾಣದ ಪಕ್ಕದಲ್ಲಿಯೇ ಇತ್ತು. ಅದರ ಫಲಿತಾಂಶಗಳನ್ನು ಕ್ರಮವಾಗಿ ಬರೆದಿಟ್ಟವರು ಮಾತ್ರ ಕಡಿಮೆ.

ಹಿರಿಯರಿಗೆ ಕಥೆ ಗೊತ್ತಿದೆ, ಕಿರಿಯರಿಗಾಗಿ ಚುಟುಕಾಗಿ ಹೇಳುವುದಾದರೆ ಹೀಗೆ. ಈ ಭಾಗದಲ್ಲಿ ಶಂಕರ್ ಟ್ರಾನ್ಸ್‌ಪೋರ್ಟ್ ಎಂಬ ಖಾಸಗಿ ಕಂಪನಿಯ ಬಸ್ಸುಗಳು ಓಡುತ್ತಿದ್ದವು. ದೀರ್ಘ ಕಾರ್ಮಿಕ ವಿವಾದದ ಕೊನೆಗೆ ಕಾರ್ಮಿಕರಿಗೆ ಸಲ್ಲಬೇಕಾದ ಹಣದ ಬದಲಿಗೆ ಬಸ್ಸುಗಳು ಅವರ ಕೈಗೆ ಬಂದವು. ಬಸ್ಸು ಓಡಿಸಿ ಗೊತ್ತಿತ್ತೇ ಹೊರತು ಕಂಪನಿ ನಡೆಸಿ ಗೊತ್ತಿರದ ಜನ ಸಹಕಾರ ಸಂಘ ಕಟ್ಟಿಕೊಂಡರು. ಬೆರಳೆಣಿಕೆಯ ಬಸ್ಸುಗಳಿಂದ ಆರಂಭವಾದ ಸಂಘ ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳನ್ನು ಹೊಂದುವ ಮಟ್ಟಕ್ಕೆ ಬೆಳೆಯಿತು. ಸುಮಾರು ಮುನ್ನೂರು ಕುಟುಂಬಗಳು ಅದರಿಂದ ಬದುಕಿದವು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಸಿಕ್ಕಿತು. ಡಾಂಬರು ಕಾಣದ ರಸ್ತೆಗಳಲ್ಲಿಯೂ ಬಸ್ಸಿನ ಹಾರ್ನು ಕೇಳಿಸಿತು. 2020ರ ಫೆಬ್ರುವರಿಯಲ್ಲಿ ಸಂಚಾರ ನಿಂತಿತು. ಮರುತಿಂಗಳೇ ಕೋವಿಡ್ ದಿಗ್ಬಂಧನ ಬಂದು ದೇಶದ ಬಸ್ಸುಗಳೆಲ್ಲ ನಿಂತುಹೋದ್ದರಿಂದ ಕೊಪ್ಪದ ನಿಲುಗಡೆ ಆ ದೊಡ್ಡ ನಿಲುಗಡೆಯ ಅಡಿಯಲ್ಲಿ ಹೂತುಹೋಯಿತು. ಏನು ಕಳೆಯಿತೆಂದು ಎಣಿಸುವಷ್ಟು ವ್ಯವಧಾನವೂ ಆಗ ಯಾರಿಗೂ ಸಿಗಲಿಲ್ಲ.

ಏಕೆ ನಿಂತಿತು ಎಂಬುದಕ್ಕೆ ಡೀಸೆಲ್ ಬೆಲೆ, ತೆರಿಗೆ, ವಿಮೆ, ಬಿಡಿಭಾಗಗಳ ದರ, ಪೈಪೋಟಿ, ಕುಸಿದ ಪ್ರಯಾಣಿಕರ ಸಂಖ್ಯೆ ಎಂಬ ಕಾರಣಗಳನ್ನು ಕೊಡಲಾಗುತ್ತದೆ. ಇವೆಲ್ಲ ನಿಜವೇ. ಆದರೆ ಕಾರಣಗಳ ಪಟ್ಟಿಯು ಸಂಶೋಧನೆಯಲ್ಲ. ಒಂದೊಂದು ಕಾರಣದ ಹಿಂದೆಯೂ ಒಂದು ಯಂತ್ರ ತಿರುಗುತ್ತಿರುತ್ತದೆ, ಅದನ್ನು ಬಿಚ್ಚಿ ನೋಡಬೇಕು.

ಮೊದಲು ಡೀಸೆಲ್. ಅದರ ಬೆಲೆಯ ಮೇಲಿದ್ದ ಸರಕಾರಿ ನಿಯಂತ್ರಣ 2014ರ ಅಕ್ಟೋಬರಿನಲ್ಲಿ ಹೋಯಿತು. 2017ರ ಜೂನ್ ತಿಂಗಳಿನಿಂದ ದೇಶದಾದ್ಯಂತ ಬೆಲೆ ದಿನದಿನವೂ ಬದಲಾಗತೊಡಗಿತು. ಆದರೆ ಬಸ್ಸಿನ ಟಿಕೆಟ್ ದರ ಹಾಗೆ ಬದಲಾಗುವಂತಿಲ್ಲ, ಮೋಟಾರು ವಾಹನ ಕಾಯ್ದೆಯಡಿ ಸರಕಾರವೇ ಅಧಿಸೂಚನೆ ಹೊರಡಿಸಿ ಅದನ್ನು ನಿಗದಿ ಮಾಡಬೇಕು. ಖರ್ಚು ಪ್ರತಿ ಬೆಳಗ್ಗೆ ಏರುತ್ತದೆ, ಆದಾಯ ವರ್ಷಗಟ್ಟಲೆ ಕಾಯುತ್ತದೆ. ಈ ಎರಡು ಗಡಿಯಾರಗಳ ನಡುವಿನ ಅಂತರವನ್ನು ಸರಕಾರಿ ನಿಗಮವಾದರೆ ಅನುದಾನದಿಂದ ತುಂಬಿಕೊಳ್ಳುತ್ತದೆ, ದೊಡ್ಡ ಖಾಸಗಿ ಮಾಲೀಕನಾದರೆ ಬೇರೆ ವ್ಯಾಪಾರದಿಂದ ತುಂಬುತ್ತಾನೆ. ಕಾರ್ಮಿಕರ ಸಂಘ ಅದನ್ನು ತುಂಬಬೇಕಾದದ್ದು ಕಾರ್ಮಿಕರ ಸಂಬಳದಿಂದಲೇ.

ಎರಡನೆಯದು ತೆರಿಗೆ. ಮಾರ್ಗದ ಬಸ್ಸು ಮೂರು ತಿಂಗಳಿಗೊಮ್ಮೆ ಸೀಟುಗಳ ಲೆಕ್ಕದಲ್ಲಿ ತೆರಿಗೆ ಕಟ್ಟುತ್ತದೆ. ಸೀಟು ತುಂಬಿದ್ದರೂ ಅಷ್ಟೇ, ಮಳೆಗಾಲದಲ್ಲಿ ಖಾಲಿ ಹೋದರೂ ಅಷ್ಟೇ. ಕಾರು ಕೊಂಡವರು ಜೀವಿತಾವಧಿ ತೆರಿಗೆಯನ್ನು ಒಮ್ಮೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಹೆಚ್ಚು ಜನರನ್ನು ಕಡಿಮೆ ಇಂಧನದಲ್ಲಿ ಸಾಗಿಸುವ ವಾಹನ ವರ್ಷಕ್ಕೆ ನಾಲ್ಕು ಬಾರಿ ಬಾಗಿಲಲ್ಲಿ ನಿಲ್ಲಬೇಕು, ಕಡಿಮೆ ಜನರನ್ನು ಹೆಚ್ಚು ಇಂಧನದಲ್ಲಿ ಸಾಗಿಸುವ ವಾಹನಕ್ಕೆ ಒಂದೇ ಬಾರಿಯ ನಮಸ್ಕಾರ ಸಾಕು. ಪರಿಸರದ ಕುರಿತು ಪ್ರತಿ ಜೂನ್ ಐದರಂದು ಭಾಷಣ ಮಾಡುವ ಆಡಳಿತ ವ್ಯವಸ್ಥೆಗೆ ಇದರಲ್ಲಿ ಅಸಂಗತವಾದದ್ದೇನೂ ಕಾಣುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಅತ್ಯಂತ ಕಡಿಮೆ ಚರ್ಚೆಯಾದದ್ದು. ಹಳ್ಳಿಗಾಡಿನಲ್ಲಿ ಬಸ್ಸು ಓಡಿಸುವ ಯಾವುದೇ ಸಂಸ್ಥೆಗೆ ದುಡಿಯುವ ಮಾರ್ಗ ಮತ್ತು ಉಣ್ಣುವ ಮಾರ್ಗ ಎಂದು ಎರಡು ಬಗೆಯಿರುತ್ತವೆ. ತಾಲ್ಲೂಕು ಕೇಂದ್ರಗಳನ್ನು ಜೋಡಿಸುವ ಹೆದ್ದಾರಿಯ ಟ್ರಿಪ್ಪು ದುಡಿಯುತ್ತದೆ. ರಾತ್ರಿ ಹಳ್ಳಿಯಲ್ಲಿ ತಂಗಿ ಮುಂಜಾನೆ ಮಕ್ಕಳನ್ನು ಹೊತ್ತು ಬರುವ ಟ್ರಿಪ್ಪು ಉಣ್ಣುತ್ತದೆ. ಒಂದರ ಗಳಿಕೆಯಲ್ಲಿ ಇನ್ನೊಂದನ್ನು ಸಾಕುವುದೇ ಹಳ್ಳಿ ಸಾರಿಗೆಯ ಗುಟ್ಟು. ಈಗ ಹೆದ್ದಾರಿಯ ಮೇಲೆ ಐದು ನಿಮಿಷ ಮುಂಚೆ ಇನ್ನೊಂದು ಬಸ್ಸು ಓಡಿದರೆ ಏನಾಗುತ್ತದೆ? ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದೆ ಅದು ಕೇವಲ ಟೈಮಿಂಗಿನ ತಕರಾರು. ಪ್ರಯಾಣಿಕನಿಗೆ ಅದು ಹೆಚ್ಚಿನ ಅನುಕೂಲ. ಆದರೆ ಆ ಐದು ನಿಮಿಷದ ಹೊಡೆತ ಬೀಳುವುದು ಹೆದ್ದಾರಿಯಿಂದ ಹತ್ತು ಕಿಲೋಮೀಟರ್ ಒಳಗಿರುವ ಹಳ್ಳಿಯ ಮೇಲೆ. ಅಲ್ಲಿಯ ಟ್ರಿಪ್ಪು ಮೊದಲು ತಡವಾಗುತ್ತದೆ, ಬಳಿಕ ಭಾನುವಾರ ತಪ್ಪುತ್ತದೆ, ಕೊನೆಗೆ ರಸ್ತೆ ಕೆಟ್ಟಿದೆ ಎಂಬ ನೆಪದಲ್ಲಿ ನಿಲ್ಲುತ್ತದೆ. ಹೊಡೆದವರು ಯಾರೆಂದು ಆ ಹಳ್ಳಿಗೆ ತಿಳಿಯುವುದೇ ಇಲ್ಲ.

ಕಾರ್ಮಿಕರೇ ಒಡೆಯರಾದ ಸಂಸ್ಥೆಯ ಒಳಗಿನ ತೊಡಕುಗಳನ್ನೂ ಮುಚ್ಚಿಡಬೇಕಾಗಿಲ್ಲ. ಸಂಬಳ, ಸಾಲದ ಕಂತು, ಹೊಸ ಬಸ್ಸಿನ ನಿಧಿ ಎಲ್ಲವೂ ಒಂದೇ ಪೆಟ್ಟಿಗೆಯಿಂದ ಹೊರಡಬೇಕಾದಾಗ ಇಂದಿನ ಹಸಿವು ನಾಳಿನ ಬಸ್ಸನ್ನು ಸೋಲಿಸುವುದು ಸಹಜ. ಸಹಕಾರ ಎಂಬ ಪದಕ್ಕೆ ಕೈಮುಗಿದು ಈ ಪ್ರಶ್ನೆಯನ್ನು ದಾಟಿಬಿಟ್ಟರೆ ಮುಂದಿನ ಪ್ರಯತ್ನಕ್ಕೆ ಯಾವ ಪಾಠವೂ ಸಿಗುವುದಿಲ್ಲ.

ಈಗ ಸಂಶೋಧನೆಯ ದಾರಿಗಳ ಕಡೆಗೆ. ಜನರ ಓಡಾಟವನ್ನು ಈ ದೇಶ ಹೇಗೆ ಎಣಿಸುತ್ತದೆ? 2011ರ ಜನಗಣತಿಯಲ್ಲಿ ಕೆಲಸದ ಸ್ಥಳ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತೀರಿ ಎಂಬ ಪ್ರಶ್ನೆಗಳಿದ್ದವು. ಅದಕ್ಕೆ ಸಂಬಂಧಿಸಿದ ಕೋಷ್ಟಕಗಳೂ ಪ್ರಕಟವಾದವು. ಆದರೆ ಆ ಲೆಕ್ಕ ‘ಇತರ ಕೆಲಸಗಾರರು’ ಎಂಬ ವರ್ಗಕ್ಕೆ ಮಾತ್ರ. ಸಾಗುವಳಿದಾರರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆಯವರು ಅದರ ಹೊರಗೆ. ಅಂದರೆ ಅಡಿಕೆ ತೋಟಕ್ಕೆ ಕೂಲಿಗೆ ಹೋಗುವ ಹೆಂಗಸು ಎಷ್ಟು ನಡೆಯುತ್ತಾಳೆ ಎಂಬುದು ದೇಶದ ದಾಖಲೆಯಲ್ಲಿ ಇಲ್ಲ. ಶಾಲೆಗೆ, ಆಸ್ಪತ್ರೆಗೆ, ನ್ಯಾಯಬೆಲೆ ಅಂಗಡಿಗೆ, ತವರಿಗೆ, ಸಂತೆಗೆ ಹೋಗುವ ದಾರಿಯೂ ಅದರಲ್ಲಿ ಇಲ್ಲ. ಮಲೆನಾಡಿನ ಓಡಾಟದ ಬಹುಪಾಲು ಇಂತಹದ್ದೇ ಆಗಿರುವಾಗ ಈ ಕೋಷ್ಟಕಗಳನ್ನು ನಂಬಿ ಬಸ್ಸು ಹಾಕಲು ಹೊರಟರೆ ಅದು ಕಚೇರಿಯ ಗುಮಾಸ್ತರಿಗಾಗಿ ಹಾಕಿದ ಬಸ್ಸು ಆಗುತ್ತದೆ.

ರಸ್ತೆಯ ಲೆಕ್ಕಕ್ಕೂ ಇದೇ ಗತಿ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶದಲ್ಲಿ ಐನೂರು ಜನರಿರುವ ಜನವಸತಿಯನ್ನು ಅಳತೆಗೋಲಾಗಿ ಇಟ್ಟುಕೊಂಡಿತು. ಮನೆಗಳು ಒತ್ತೊತ್ತಾಗಿ ಕೂಡಿ ಊರಾದ ಕಡೆ ಇದು ಸರಿ. ಕಣಿವೆಗೊಂದು ಮನೆ ಹಂಚಿಹೋಗಿರುವ ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಊರು ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನೇ ಮೊದಲು ತೀರ್ಮಾನಿಸಬೇಕು. ಅದಕ್ಕಿಂತ ಮುಖ್ಯವಾಗಿ, ಯೋಜನೆ ಅಳೆದದ್ದು ರಸ್ತೆಯ ಕಿಲೋಮೀಟರನ್ನು. ಆ ರಸ್ತೆಯ ಮೇಲೆ ಬಸ್ಸು ಬಂತೇ ಎಂದು ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ.

ಇದೇ ತಪ್ಪು ಹೊರದೇಶಗಳಲ್ಲಿಯೂ ನಡೆದಿದೆ, ತಿದ್ದಿಕೊಂಡ ಉದಾಹರಣೆಯೂ ಇದೆ. 1980ರ ದಶಕದ ನಡುವಿನಲ್ಲಿ ಟಾಂಜಾನಿಯಾದ ಮಾಕೇಟೆ ಎಂಬ ಗುಡ್ಡಗಾಡು ಜಿಲ್ಲೆಯಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನೆರವಿನಿಂದ ಅಧ್ಯಯನವೊಂದು ನಡೆಯಿತು. ಸಂಶೋಧಕರು ರಸ್ತೆಯ ಬದಿಯಲ್ಲಿ ನಿಂತು ವಾಹನ ಎಣಿಸಲಿಲ್ಲ. ಮನೆಗಳಿಗೆ ಹೋಗಿ, ಮನೆಯವರು ವಾರದಲ್ಲಿ ಎಲ್ಲೆಲ್ಲಿಗೆ, ಏನನ್ನು ಹೊತ್ತು, ಎಷ್ಟು ಹೊತ್ತು ನಡೆಯುತ್ತಾರೆ ಎಂದು ಕೇಳಿದರು. ಆಗ ತಿಳಿದದ್ದು: ಹಳ್ಳಿಗರ ಓಡಾಟದ ಬಹುಭಾಗ ಹಳ್ಳಿಯೊಳಗೇ, ಅದರ ಸುತ್ತಲೇ, ನೀರು ಸೌದೆ ಹಿಟ್ಟಿನ ಗಿರಣಿಗಳಿಗಾಗಿ, ಕಾಲ್ನಡಿಗೆಯಲ್ಲಿ, ಮತ್ತು ಹೆಚ್ಚಾಗಿ ಹೆಂಗಸರ ತಲೆಯ ಮೇಲೆ. ಹೆದ್ದಾರಿ ಎಷ್ಟು ಅಗಲವಾದರೂ ಆ ಹೊರೆ ಇಳಿಯುವಂತಿರಲಿಲ್ಲ. ಕಾಲುದಾರಿ ಸರಿಪಡಿಸುವುದು, ಗಿರಣಿಯನ್ನು ಹತ್ತಿರ ತರುವುದು ಇವೂ ಸಾರಿಗೆಯ ಕೆಲಸಗಳೇ ಎಂಬ ತಿಳಿವಳಿಕೆ ಅಲ್ಲಿಂದ ಹರಡಿತು. ಇಯಾನ್ ಬಾರ್ವೆಲ್ ಮತ್ತು ಜೊನಾಥನ್ ಡಾಸನ್ 1993ರಲ್ಲಿ ಪ್ರಕಟಿಸಿದ ಪುಸ್ತಕದ ಶೀರ್ಷಿಕೆಯ ಅರ್ಥವೇ ರಸ್ತೆಗಳಷ್ಟೇ ಸಾಲವು ಎಂದು.

ಕರ್ನಾಟಕಕ್ಕೆ ಈ ವಿಧಾನ ಹೊಸದೇನಲ್ಲ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಇಂಧನದ ಲೆಕ್ಕ ತೆಗೆದರು. ದೇಶದ ಇಂಧನ ಚರ್ಚೆಯೆಲ್ಲ ಕಲ್ಲಿದ್ದಲು, ವಿದ್ಯುತ್ತು, ತೈಲಗಳ ಸುತ್ತ ನಡೆಯುತ್ತಿದ್ದಾಗ, ಹಳ್ಳಿಯ ಇಂಧನದ ಬಹುಪಾಲು ಸೌದೆಯೆಂದೂ ಅದರ ಹಿಂದೆ ಹೆಂಗಸರ ಮತ್ತು ಮಕ್ಕಳ ಗಂಟೆಗಟ್ಟಲೆ ದುಡಿಮೆಯಿದೆಯೆಂದೂ ಅಂಕಿಗಳಲ್ಲಿ ತೋರಿಸಿದ್ದು ಅವರು. ಒಲೆಯ ಬಗ್ಗೆ ಅವರು ಮಾಡಿದ್ದನ್ನು ಬಸ್ಸಿನ ಬಗ್ಗೆ ಮಲೆನಾಡಿನಲ್ಲಿ ಮಾಡಬಹುದಿತ್ತು. ಈಗಲೂ ಮಾಡಬಹುದು.

ಇನ್ನೊಂದು ದಾರಿ ಸ್ವೀಡನ್ನಿನ ಭೂಗೋಳಜ್ಞ ಟೋರ್ಸ್ಟನ್ ಹೇಗರ್‌ಸ್ಟ್ರಾಂಡ್ ಅವರದು. 1970ರಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳನ್ನು ಮಲೆನಾಡಿನ ಮಾತಿನಲ್ಲಿ ಹೇಳುವುದಾದರೆ, ದೂರ ಎಂಬುದು ಮೈಲಿಗಲ್ಲಿನಲ್ಲಿ ಇಲ್ಲ, ದಿನದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಇದೆ. ಒಬ್ಬ ಮನುಷ್ಯ ಮನೆಯಿಂದ ಹೊರಟು ಮನೆಗೆ ಮರಳಲೇಬೇಕಾದ ಹೊತ್ತಿನ ನಡುವೆ ಎಲ್ಲಿಯವರೆಗೆ ಹೋಗಿಬರಬಲ್ಲನೋ ಅಷ್ಟೇ ಅವನ ಲೋಕ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಪದವಿಪೂರ್ವ ಕಾಲೇಜಿಗೆ ಸೇರಲಿರುವ ಹುಡುಗಿಯೊಬ್ಬಳ ಮನೆ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ದೂರ. ಅವಳ ಊರಿನ ಕಡೆಯ ಬಸ್ಸು ಸಂಜೆ ನಾಲ್ಕೂವರೆಗೆ. ವಿಜ್ಞಾನ ವಿಭಾಗದ ಪ್ರಯೋಗಾಲಯದ ತರಗತಿ ಮುಗಿಯುವುದು ನಾಲ್ಕೂಮುಕ್ಕಾಲಿಗೆ. ಆ ಹದಿನೈದು ನಿಮಿಷಕ್ಕಾಗಿ ಅವಳು ಬೇರೆ ವಿಷಯ ಆರಿಸಿಕೊಳ್ಳುತ್ತಾಳೆ. ಅವಳಿಗೆ ಲೆಕ್ಕದಲ್ಲಿ ಆಸಕ್ತಿ ಇರಲಿಲ್ಲವೆಂದು ಊರು ಹೇಳುತ್ತದೆ. ಶಿಕ್ಷಣ ಇಲಾಖೆಯ ಅಂಕಿಅಂಶದಲ್ಲಿ ಅವಳು ಕಾಲೇಜಿಗೆ ಸೇರಿದವಳೇ, ಸಾರಿಗೆಯ ಅಂಕಿಅಂಶದಲ್ಲಿ ಅವಳು ಬಸ್ಸಿರುವ ಊರಿನವಳೇ. ಎರಡೂ ಕಡತಗಳು ಸರಿಯಾಗಿವೆ. ಮುಚ್ಚಿದ ಬಾಗಿಲು ಮಾತ್ರ ಯಾವ ಕಡತದಲ್ಲಿಯೂ ಇಲ್ಲ.

ಆದ್ದರಿಂದ ಮಲೆನಾಡಿನಲ್ಲಿ ಬಸ್ಸನ್ನು ಅಳೆಯುವ ಮೊದಲ ಅಳತೆಗೋಲು ಕಡೆಯ ಬಸ್ಸಿನ ಹೊತ್ತು. ದಿನಕ್ಕೆ ಎಷ್ಟು ಟ್ರಿಪ್ಪು ಎಂಬುದು ಆಮೇಲಿನ ಮಾತು. ಬೆಳಗ್ಗೆ ಮೂರು ಬಸ್ಸು ಬಂದು ಸಂಜೆ ಒಂದೂ ಮರಳದ ಊರಿಗೆ ಬಸ್ಸು ಇಲ್ಲವೆಂದೇ ಅರ್ಥ.

ಇನ್ನು ಇಂಧನದ ಲೆಕ್ಕ. ಇಲ್ಲಿ ಪರಿಸರವಾದಿಗಳು ತಮ್ಮ ನಂಬಿಕೆಗಳನ್ನೂ ತಕ್ಕಡಿಗೆ ಹಾಕಬೇಕಾಗುತ್ತದೆ. ಬಸ್ಸು ಯಾವಾಗಲೂ ಹಸಿರು ಎಂದು ಹೇಳುವ ರೂಢಿಯಿದೆ. ತಿರುವು, ಏರುಗಳ ರಸ್ತೆಯಲ್ಲಿ ದೊಡ್ಡ ಬಸ್ಸು ಲೀಟರ್ ಡೀಸೆಲ್ಲಿಗೆ ನಾಲ್ಕು ಕಿಲೋಮೀಟರ್ ಓಡುತ್ತದೆ ಎಂದು ಇಟ್ಟುಕೊಳ್ಳಬಹುದು. ನಲವತ್ತು ಜನ ಕುಳಿತಿದ್ದರೆ ಒಂದು ಲೀಟರಿನಲ್ಲಿ 160 ಆಳು-ಕಿಲೋಮೀಟರ್ ಸಾಗಿದಂತಾಯಿತು. ಲೀಟರಿಗೆ ಹದಿನೈದು ಕೊಡುವ ಕಾರಿನಲ್ಲಿ ಇಬ್ಬರು ಹೋದರೆ 30. ಲೀಟರಿಗೆ ಐವತ್ತು ಕೊಡುವ ಬೈಕಿನಲ್ಲಿ ಒಬ್ಬ ಹೋದರೆ 50, ಇಬ್ಬರಾದರೆ 100. ಹಾಗಾದರೆ ಮಧ್ಯಾಹ್ನದ ಹೊತ್ತು ಎಂಟು ಜನರನ್ನು ಕೂರಿಸಿಕೊಂಡು ಹೋಗುವ ದೊಡ್ಡ ಬಸ್ಸು 32ರಲ್ಲಿ ನಿಂತು, ಇಬ್ಬರು ಕುಳಿತ ಕಾರಿಗೆ ಸಮನಾಗಿ, ಬೈಕಿಗಿಂತ ಹಿಂದೆ ಬೀಳುತ್ತದೆ. ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೊ, ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬರುವುದನ್ನೂ ಸೇರಿಸಿದರೆ, ಒಂಟಿ ಬೈಕಿಗೆ ಸಮನಾಗಲು ಬಸ್ಸಿನಲ್ಲಿ ಹದಿನೈದು ಜನರಾದರೂ ಇರಬೇಕು. ಲೀಟರಿಗೆ ಏಳು ಕೊಡುವ ಮಿನಿ ಬಸ್ಸಾದರೆ ಒಂಬತ್ತು ಜನ ಸಾಕು.

ಈ ಸಣ್ಣ ಲೆಕ್ಕದಿಂದ ಎರಡು ಸಂಗತಿ ಹೊರಡುತ್ತವೆ. ಬಸ್ಸಿನ ಹಸಿರುತನ ಬಸ್ಸಿನಲ್ಲಿಲ್ಲ, ಅದು ತುಂಬುವುದರಲ್ಲಿದೆ. ಯಾವ ಮಾರ್ಗದಲ್ಲಿ ಯಾವ ಹೊತ್ತಿಗೆ ಎಷ್ಟು ದೊಡ್ಡ ಬಸ್ಸು ಎಂಬ ಪ್ರಶ್ನೆಗೆ ಉತ್ತರಿಸದೆ ಹೆಚ್ಚು ಬಸ್ಸು ಬಿಡಿ ಎಂದಷ್ಟೇ ಮನವಿ ಕೊಡುವುದರಿಂದ ಪ್ರಯೋಜನ ಕಡಿಮೆ. ಎರಡನೆಯದು, ಇಂಧನದ ತಕ್ಕಡಿ ಒಂದೇ ತಕ್ಕಡಿಯಲ್ಲ. ಬೈಕು ಗೆದ್ದಿತೆಂದು ಒಪ್ಪಿಕೊಂಡರೂ ಬೈಕು ಹತ್ತುವವರು ಯಾರು? ಎಪ್ಪತ್ತು ದಾಟಿದ ಅಜ್ಜಿ, ಹತ್ತು ವರ್ಷದ ಮಗು, ಗರ್ಭಿಣಿ, ಪರವಾನಗಿಯೂ ಸಾಲದ ಶಕ್ತಿಯೂ ಇಲ್ಲದ ಕೂಲಿಕಾರ ಇವರಾರೂ ಅದನ್ನು ಓಡಿಸುವವರಲ್ಲ. ಮನೆಯ ಗಂಡಸಿಗೆ ಬಿಡುವಾದಾಗ ಹಿಂದೆ ಕೂರಬೇಕಾದವರು. ಜುಲೈ ತಿಂಗಳ ಮಳೆಯಲ್ಲಿ ಆ ಹಿಂಬದಿಯ ಸೀಟೂ ಇಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಬಸ್ಸು ನಿಂತ ಊರಿನಲ್ಲಿ ಬೈಕಿನ ಸಾಲದ ಕಂತು, ಆಸ್ಪತ್ರೆಯ ಖರ್ಚು, ಜೀಪಿನ ಬಾಡಿಗೆಗಳನ್ನೆಲ್ಲ ಕೂಡಿಸಿ, ಅಷ್ಟು ಹಣದಲ್ಲಿ ಬಸ್ಸು ಓಡುತ್ತಿತ್ತೇ ಎಂದು ನೋಡುವುದು ಒಳ್ಳೆಯ ಸಂಶೋಧನೆಯಾದೀತು.

ಇವಾನ್ ಇಲಿಚ್ 1974ರಲ್ಲಿ ಇಂಧನ ಮತ್ತು ಸಮಾನತೆಯ ಕುರಿತು ಬರೆದ ಕಿರುಹೊತ್ತಗೆಯಲ್ಲಿ ಇಂತಹುದೇ ಕೂಡುಲೆಕ್ಕ ಮಾಡಿದ್ದರು. ಅಮೆರಿಕದ ಗಂಡಸು ಕಾರು ಓಡಿಸಲು, ಕಾರಿನ ಖರ್ಚು ದುಡಿಯಲು ವರ್ಷಕ್ಕೆ 1,600 ಗಂಟೆ ಸವೆಸಿ 7,500 ಮೈಲಿ ಸಾಗುತ್ತಾನೆ, ಅಂದರೆ ಗಂಟೆಗೆ ಐದು ಮೈಲಿಯೂ ಇಲ್ಲ ಎಂದು. ಕೊಪ್ಪದ ಲೆಕ್ಕ ಬೇರೆಯೇ ಆಗಬಹುದು. ಆದರೆ ವೇಗವನ್ನು ಸ್ಪೀಡೋಮೀಟರಿನಲ್ಲಿ ನೋಡಬಾರದು, ಬದುಕಿನ ಗಂಟೆಗಳಲ್ಲಿ ನೋಡಬೇಕು ಎಂಬ ಅವರ ಕ್ರಮ ಇಲ್ಲಿಗೂ ಹೊಂದುತ್ತದೆ.

ಇತ್ತೀಚಿನ ಒಂದು ಬೆಳವಣಿಗೆಯನ್ನು ಇಲ್ಲಿ ಹೇಳಲೇಬೇಕು. 2023ರ ಜೂನ್ 11ರಂದು ರಾಜ್ಯ ಸರಕಾರ ಶಕ್ತಿ ಯೋಜನೆಯನ್ನು ಜಾರಿಗೆ ತಂದಿತು. ರಾಜ್ಯದ ಹೆಂಗಸರು ಸರಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣ ಕೊಡಬೇಕಾಗಿಲ್ಲ. ಬಯಲುಸೀಮೆಯಲ್ಲಿ ಇದರಿಂದ ಹೆಂಗಸರ ಓಡಾಟಕ್ಕೆ ಬಂದ ಬಲ ಕಣ್ಣಿಗೆ ಕಾಣುವಂತಹದ್ದು. ಆದರೆ ಯೋಜನೆ ಖಾಸಗಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಹಳ್ಳಿಯ ಮಾರ್ಗಗಳಲ್ಲಿ ಓಡುವುದು ಬಹುತೇಕ ಖಾಸಗಿ ಬಸ್ಸುಗಳೇ ಆಗಿರುವ ಮಲೆನಾಡು, ಕರಾವಳಿಗಳಲ್ಲಿ ಅದೇ ರಾಜ್ಯದ ಹೆಂಗಸು ಪೂರ್ತಿ ಹಣ ಕೊಟ್ಟು ಪ್ರಯಾಣಿಸುತ್ತಾಳೆ. ಶೂನ್ಯ ಟಿಕೆಟ್ಟುಗಳನ್ನು ಕೋಟಿಗಳಲ್ಲಿ ಎಣಿಸಲಾಗುತ್ತದೆ, ಹತ್ತಲು ಬಸ್ಸೇ ಇಲ್ಲದವರನ್ನು ಎಣಿಸುವ ಟಿಕೆಟ್ಟು ಇಲ್ಲ. ಸಹಕಾರ ಸಾರಿಗೆಯಂತಹ ಸಂಸ್ಥೆ ಉಳಿದಿದ್ದರೆ, ಸರಕಾರದ ಹಣವನ್ನು ಖಾಸಗಿ ಲಾಭಕ್ಕೆ ಕೊಡುವುದು ಹೇಗೆ ಎಂಬ ತಾತ್ತ್ವಿಕ ತೊಡಕಿಲ್ಲದೆ ಯೋಜನೆಯನ್ನು ಅದರ ಮೂಲಕ ಹಳ್ಳಿಗೆ ಮುಟ್ಟಿಸುವಂತೆ ಕೇಳಬಹುದಿತ್ತು. ಮೂರು ವರ್ಷ ತಡವಾಯಿತು.

ವಿದ್ಯುತ್ ಬಸ್ಸಿನ ಮಾತನ್ನೂ ಕೇಳುವವರಿದ್ದಾರೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ವ್ಯರ್ಥವಾಗುವ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುವ ಗುಣ ಅದಕ್ಕಿರುವುದರಿಂದ ಮಲೆನಾಡಿಗೆ ಅದು ಒಪ್ಪುವ ವಾಹನವೇ. ಆದರೆ 2023ರ ಆಗಸ್ಟಿನಲ್ಲಿ ಕೇಂದ್ರ ಒಪ್ಪಿದ, ಹತ್ತು ಸಾವಿರ ವಿದ್ಯುತ್ ಬಸ್ಸುಗಳ ಯೋಜನೆ ನಗರಗಳಿಗಾಗಿ ರೂಪಿತವಾದದ್ದು. ಅದರ ಬಾಗಿಲು ಕೊಪ್ಪಕ್ಕೆ ತೆರೆದಿಲ್ಲ.

ಹಳೆಯದನ್ನು ಮರೆಯುವುದೂ ಇಲ್ಲಿಯ ರೂಢಿಯೇ. ಯಡೇಹಳ್ಳಿ ನರಸಿಂಹರಾಜಪುರವಾದ ಮೈಸೂರು ಅರಸರ ಕಾಲದಲ್ಲಿ ತರೀಕೆರೆಯಿಂದ ಅಲ್ಲಿಗೆ ಎರಡಡಿ ಅಗಲದ ಹಳಿಗಳ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಇಂದು ಆ ತಾಲ್ಲೂಕಿನಲ್ಲಿ ರೈಲು ಇತ್ತೆಂದರೆ ಮಕ್ಕಳು ನಂಬುವುದಿಲ್ಲ. ಮೂವತ್ತು ವರ್ಷ ಕಳೆದರೆ ಕಾರ್ಮಿಕರೇ ಒಡೆಯರಾಗಿದ್ದ ಬಸ್ಸು ಇತ್ತೆಂಬುದನ್ನೂ ನಂಬಲಿಕ್ಕಿಲ್ಲ.

ರಸ್ತೆ ಮತ್ತು ಕಾಡಿನ ನಡುವಿನ ಜಗಳದಲ್ಲಿಯೂ ಬಸ್ಸಿನ ಪ್ರಶ್ನೆ ಕಳೆದುಹೋಗಿದೆ. 2011ರಲ್ಲಿ ಮಾಧವ ಗಾಡ್ಗೀಳರ ನೇತೃತ್ವದ ಪಶ್ಚಿಮಘಟ್ಟ ಸಮಿತಿ ತೀರ ಅಗತ್ಯವಿದ್ದ ಕಡೆಯ ಹೊರತು ಮೊದಲನೆಯ ಸೂಕ್ಷ್ಮ ವಲಯದಲ್ಲಿ ಹೊಸ ರೈಲುಮಾರ್ಗ, ದೊಡ್ಡ ರಸ್ತೆಗಳು ಬೇಡವೆಂದು ಶಿಫಾರಸು ಮಾಡಿತು. ವಿರೋಧಿಸಿದವರು ಮಲೆನಾಡಿನ ಜನರ ಓಡಾಟ ನಿಂತುಹೋಗುತ್ತದೆ ಎಂದರು, ಬೆಂಬಲಿಸಿದವರು ಕಾಡು ಉಳಿಯುತ್ತದೆ ಎಂದರು. ಇರುವ ರಸ್ತೆಯಲ್ಲಿಯೇ ಹೆಚ್ಚು ಜನ ಹೇಗೆ ಸಾಗಬಹುದು ಎಂದು ಎರಡೂ ಕಡೆಯವರು ಒಟ್ಟಿಗೆ ಕುಳಿತು ಕೇಳಿದ್ದರೆ ಜಗಳದ ಅರ್ಧ ಕಾವು ಇಳಿಯುತ್ತಿತ್ತು. ವಾರದ ಕೊನೆಯ ಎರಡು ದಿನ ಶೃಂಗೇರಿ, ಹೊರನಾಡುಗಳ ಕಡೆಗೆ ಸಾಲುಗಟ್ಟುವ ಕಾರುಗಳಿಗಾಗಿ ರಸ್ತೆ ಅಗಲವಾಗುತ್ತಿದೆಯೋ, ವಾರದ ಉಳಿದ ಐದು ದಿನ ಶಾಲೆಗೆ ಹೋಗುವ ಮಕ್ಕಳಿಗಾಗಿಯೋ ಎಂಬುದು ಎಣಿಸಿದರೆ ತಿಳಿಯುವ ವಿಷಯ, ವಾದಿಸಬೇಕಾದದ್ದಲ್ಲ.

ಅಗಲವಾಗದೆಯೂ ದಾರಿ ಬದುಕನ್ನು ಬದಲಿಸಬಲ್ಲದು ಎಂಬುದಕ್ಕೆ ಸುಳ್ಯದ ಗಿರೀಶ್ ಭಾರದ್ವಾಜರ ತೂಗುಸೇತುವೆಗಳಿವೆ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಮೊದಲ ಸೇತುವೆ ಕಟ್ಟಿದ ಅವರು ಬಳಿಕ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ನಡೆಯುವವರಿಗಾಗಿಯೇ ಮಾಡಿದ, ಕಾರು ದಾಟಲಾಗದ ಈ ಸೇತುವೆಗಳು ಮಳೆಗಾಲದಲ್ಲಿ ದ್ವೀಪವಾಗುತ್ತಿದ್ದ ಊರುಗಳನ್ನು ಶಾಲೆಗೆ, ಬಸ್ಸಿಗೆ ಸೇರಿಸಿದವು. ಕಾಲುಸಂಕ ಮತ್ತು ಬಸ್ಸು ಒಂದೇ ಪ್ರಯಾಣದ ಎರಡು ತುಂಡುಗಳು. ಸಂಕ ಕೊಚ್ಚಿಹೋದರೆ ಬಸ್ಸಿದ್ದೂ ಇಲ್ಲ. ಆದರೂ ಒಂದು ಪಂಚಾಯಿತಿಯ ಕಡತದಲ್ಲಿ, ಇನ್ನೊಂದು ಸಾರಿಗೆ ಪ್ರಾಧಿಕಾರದ ಕಡತದಲ್ಲಿ ಇರುತ್ತದೆ.

ಇಷ್ಟಾದ ಮೇಲೆ ಮಾಡಬೇಕಾದ ಕೆಲಸದ ಬಗ್ಗೆ. ಮೊದಲನೆಯದಕ್ಕೆ ಕಾಲಮಿತಿಯಿದೆ. ಪ್ರತಿ ಬಸ್ಸಿನ ನಿರ್ವಾಹಕ ಪ್ರತಿದಿನ ಬರೆಯುವ ವೇಬಿಲ್ಲಿನಲ್ಲಿ ಯಾವ ಹಂತದಲ್ಲಿ ಎಷ್ಟು ಟಿಕೆಟ್ ಹರಿಯಿತೆಂಬುದು ಇರುತ್ತದೆ. ಅಂತಹ ಕಾಗದಗಳೆಂದರೆ ಒಂದು ಸೀಮೆಯ ಜನ ಮೂರು ದಶಕ ಎಲ್ಲಿಂದ ಎಲ್ಲಿಗೆ ಓಡಾಡಿದರೆಂಬ ಚರಿತ್ರೆಯೇ. ಮಲೆನಾಡಿನ ತೇವಕ್ಕೆ, ಗೆದ್ದಲಿಗೆ ಕಾಗದ ಬಹಳ ಕಾಲ ತಡೆಯದು. ಉಳಿದಷ್ಟನ್ನು ಹುಡುಕಿ ಚಿತ್ರ ತೆಗೆದಿಡುವುದಕ್ಕೆ ಒಂದು ಮೊಬೈಲು, ನಾಲ್ಕು ಜನ ಕಾಲೇಜು ವಿದ್ಯಾರ್ಥಿಗಳು ಸಾಕು. ಕಾಗದಕ್ಕಿಂತ ಬೇಗ ಸವೆಯುವುದು ನೆನಪು. ಯಾವ ತಿರುವಿನಲ್ಲಿ ಯಾವ ಹಬ್ಬಕ್ಕೆ ಎಷ್ಟು ಜನ ಹತ್ತುತ್ತಿದ್ದರು, ಯಾವ ಮನೆಯ ಔಷಧಿ ಚೀಟಿಯನ್ನು ಪೇಟೆಗೆ ಒಯ್ಯುತ್ತಿದ್ದರು, ಯಾವ ಟ್ರಿಪ್ಪನ್ನು ನಷ್ಟವೆಂದು ಗೊತ್ತಿದ್ದೂ ಏಕೆ ನಿಲ್ಲಿಸಲಿಲ್ಲ ಎಂಬುದು ಹಳೆಯ ಚಾಲಕ ನಿರ್ವಾಹಕರ ತಲೆಯಲ್ಲಿದೆ. ನಷ್ಟದ ಟ್ರಿಪ್ಪನ್ನು ಉಳಿಸಿಕೊಳ್ಳುವ ತೀರ್ಮಾನ ಸಭೆಯಲ್ಲಿ ಹೇಗೆ ಆಗುತ್ತಿತ್ತು ಎಂಬುದನ್ನು ಅವರಿಂದಲ್ಲದೆ ಬೇರೆಯವರಿಂದ ತಿಳಿಯುವಂತಿಲ್ಲ.

ಎರಡನೆಯದು ಮನೆಮನೆಯ ಓಡಾಟದ ಪುಸ್ತಕ. ಒಂದು ಗ್ರಾಮ ಪಂಚಾಯಿತಿಯನ್ನು ಆರಿಸಿಕೊಂಡರೆ ಸಾಕು. ಮನೆಯ ಪ್ರತಿಯೊಬ್ಬರೂ ಒಂದು ವಾರ ಎಲ್ಲಿಗೆ ಹೋದರು, ಹೇಗೆ ಹೋದರು, ಎಷ್ಟು ಕಾದರು, ಎಷ್ಟು ಕೊಟ್ಟರು ಎಂದು ಬರೆಯಬೇಕು. ಜೊತೆಗೆ ಇನ್ನೊಂದು ಕಲಮನ್ನು ತಪ್ಪದೆ ಇಡಬೇಕು: ಹೋಗಬೇಕಾಗಿದ್ದೂ ಹೋಗದೆ ಉಳಿದದ್ದು ಎಲ್ಲಿಗೆ. ಸರಕಾರಿ ಸಮೀಕ್ಷೆಗಳು ಕೇಳುವುದು ನಡೆದ ಪ್ರಯಾಣವನ್ನು, ಬಸ್ಸಿಲ್ಲದ ಊರಿನ ಸತ್ಯ ಇರುವುದು ನಡೆಯದ ಪ್ರಯಾಣದಲ್ಲಿ. ಮುಂದೂಡಿದ ರಕ್ತಪರೀಕ್ಷೆ, ಹೋಗದ ಮದುವೆ, ಬಿಟ್ಟ ಟ್ಯೂಷನ್, ಮಧ್ಯವರ್ತಿಗೆ ಮನೆಬಾಗಿಲಲ್ಲಿಯೇ ಕಡಿಮೆ ಬೆಲೆಗೆ ಕೊಟ್ಟ ಕಾಳುಮೆಣಸು ಎಲ್ಲವೂ ಆ ಕಲಮಿಗೆ ಬರಬೇಕು. ಪುಸ್ತಕವನ್ನು ಮನೆಯ ಯಜಮಾನರ ಕೈಗೆ ಕೊಟ್ಟರೆ ಅದರಲ್ಲಿ ಅಡಿಕೆ ಮಂಡಿಯ ಓಡಾಟವಷ್ಟೇ ಬರುವ ಸಂಭವವಿದೆ. ಹೆಂಗಸರ ಸ್ವಸಹಾಯ ಸಂಘಗಳ ಮೂಲಕ ಬರೆಸುವುದು ಲೇಸು. ಬರೆಯಲು ಬಾರದ ಹಿರಿಯರ ಪರವಾಗಿ ಶಾಲೆಯ ಮಕ್ಕಳು ಬರೆಯಬಹುದು. ಮಕ್ಕಳು ಈ ವಿಷಯದಲ್ಲಿ ದೊಡ್ಡವರಿಗಿಂತ ನಿಷ್ಠುರರು, ಕಾದ ನಿಮಿಷಗಳನ್ನು ಮರೆಯುವುದಿಲ್ಲ.

ಈ ವಾರವನ್ನು ವರ್ಷದಲ್ಲಿ ಎರಡು ಬಾರಿ ಆರಿಸಬೇಕು. ಒಮ್ಮೆ ಆಷಾಢದ ಮಳೆಯಲ್ಲಿ, ಘಟ್ಟದ ರಸ್ತೆಯಲ್ಲಿ ಭಾರಿ ವಾಹನಗಳಿಗೆ ತಡೆ ಬಿದ್ದಿರುವಾಗ, ಸಂಕದ ಮೇಲೆ ನೀರು ಹರಿಯುವಾಗ. ಇನ್ನೊಮ್ಮೆ ಅಡಿಕೆ ಕೊಯ್ಲಿನ ಹೊತ್ತಿಗೆ, ಹೊರಗಿನ ಕೂಲಿಗಳು ಬಂದಿರುವಾಗ. ಹೊರಗಿನಿಂದ ಬರುವ ಸಮೀಕ್ಷೆಗಳು ರಸ್ತೆ ಒಣಗಿರುವ ಬೇಸಿಗೆಯಲ್ಲಿಯೇ ಬರುತ್ತವೆ, ಸಮೀಕ್ಷಕರ ಜೀಪು ಮನೆಯವರೆಗೆ ಹೋಗಬೇಕಲ್ಲ. ಆದ್ದರಿಂದಲೇ ಅವುಗಳಲ್ಲಿ ಮಲೆನಾಡು ಇರುವುದಕ್ಕಿಂತ ಹತ್ತಿರವಾಗಿ ಕಾಣುತ್ತದೆ.

ಮೂರನೆಯ ಕೆಲಸ ತೀರ ಚಿಕ್ಕದು, ನಾಳೆಯೇ ಆರಂಭಿಸಬಹುದಾದದ್ದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ನಿಲ್ದಾಣಗಳಲ್ಲಿ ಪ್ರತಿ ಊರಿಗೂ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ನಿಜವಾಗಿ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಜನ ಹತ್ತಿದರು ಎಂದು ಒಂದು ತಿಂಗಳು ಬರೆದಿಡುವುದು. ನಿಲ್ದಾಣದ ಅಂಗಡಿಯಲ್ಲಿ ಒಂದು ನೋಟ್‌ಬುಕ್ಕು, ಸಂಜೆ ನಾಲ್ಕರಿಂದ ಏಳರವರೆಗೆ ಸರದಿಯ ಮೇಲೆ ಕೂರುವ ಇಬ್ಬರು ಬೇಕು. ಪರವಾನಗಿ ಪತ್ರದಲ್ಲಿರುವ ವೇಳಾಪಟ್ಟಿಯನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆದು ಪಕ್ಕದ ಕಲಮಿನಲ್ಲಿ ಬರೆದುಕೊಂಡರೆ, ಕಾಗದದ ಮೇಲೆ ಓಡುವ ಬಸ್ಸುಗಳೆಷ್ಟು, ರಸ್ತೆಯ ಮೇಲೆ ಓಡುವವೆಷ್ಟು ಎಂಬುದು ತಾನಾಗಿ ಹೊರಬೀಳುತ್ತದೆ. ಸಾರಿಗೆ ಪ್ರಾಧಿಕಾರದ ಮುಂದಿನ ಸಭೆಗೆ ಮನವಿಯ ಜೊತೆಯಲ್ಲಿ ಆ ನೋಟ್‌ಬುಕ್ಕಿನ ಪ್ರತಿಯನ್ನೂ ಲಗತ್ತಿಸಬಹುದು. ಮೊದಲ ವಾರ ಕೂರುವವರ ಹೆಸರುಗಳನ್ನು ಈ ಸಭೆ ಮುಗಿಯುವ ಮುನ್ನ ಬರೆದುಕೊಳ್ಳುವುದು ಒಳ್ಳೆಯದು, ಹೊರಗೆ ಹೋದ ಮೇಲೆ ಎಲ್ಲರಿಗೂ ಬಸ್ಸು ಹಿಡಿಯುವ ಅವಸರವಿರುತ್ತದೆ.